ನನ್ನ ಹೆಸರಿನ ತೊಗರಿ

ಹೊಟ್ಟೆಕಿಚ್ಚು ಇಲ್ಲದ ಗಂಡಸೊಬ್ಬ ಇದ್ದಾನೆಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಕೆಲವರಿಗೆ ಪಕ್ಕದ ಮನೆಯವನ ಕಾರು ಕಂಡರೆ ಹೊಟ್ಟೆ ಉರಿಯುತ್ತದೆ, ಕೆಲವರಿಗೆ ಓರಗೆಯವನ ತಲೆಗೂದಲು ಕಂಡರೆ. ನನಗೆ ಕಾರಿನ ಆಸೆ ಇಲ್ಲ. ಕೂದಲಿನ ವಿಷಯ ಈಗ ಬೇಡ. ನನ್ನ ಹೊಟ್ಟೆಕಿಚ್ಚೆಲ್ಲ ಒಂದು ಹೆಸರಿನ ಮೇಲೆ: ಸಂಗಮೇಶ. ಈ ನಾಲ್ಕಕ್ಷರವನ್ನು ನನ್ನ ಹೆಂಡತಿ ಮಹಾದೇವಿ ದಿನಕ್ಕೆ ಇಪ್ಪತ್ತು ಮೂವತ್ತು ಸಲ, ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾಳೆ. ನನ್ನ ಹೆಸರಿಗಿರುವುದು ಮೂರೇ ಅಕ್ಷರ, ಮಾರುತಿ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವಳು ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಹಾದೇವಿ ಗಂಡನಿಗೆ ಹೆದರುವ ಹೆಂಗಸು ಎಂದು ತಿಳಿದೀರಿ, ತಪ್ಪು. ನಾರಾಯಣಖೇಡದ ಹುಡುಗಿ, ಬಿ.ಎ. ಓದಿದವಳು, ವಾದಕ್ಕೆ ನಿಂತರೆ ನನ್ನ ಕಡೆಯ ವಾದವನ್ನೂ ತಾನೇ ಮಾಡಿ ಗೆದ್ದುಬಿಡುತ್ತಾಳೆ. ಆದರೆ ಗಂಡನ ಹೆಸರು ಮಾತ್ರ ಹೇಳಳು. "ಆಯುಷ್ಯ ಕಡಿಮಿ ಆಗ್ತದ ಅಂತೆಲ್ಲ ನಾ ನಂಬಂಗಿಲ್ರಿ. ನಮ್ಮವ್ವ ತಗೊಂಡಿಲ್ಲ, ನಂಗೂ ಬಾಯಿ ಬರಂಗಿಲ್ಲ. ಅಷ್ಟ" ಅನ್ನುತ್ತಾಳೆ. ಮಾರುತಿ ಗುಡಿ ಅವಳ ಬಾಯಲ್ಲಿ 'ಶನಿವಾರದ ದೇವರ ಗುಡಿ.' ಮದುವೆಯ ದಿನ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ಪ್ರಾಸ ಹೊಂದಿಸಿ ಒಡಪು ಕಟ್ಟಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದೆಂದು ಹಟ ಹಿಡಿದಿದ್ದರು. ಇವಳು ಅರ್ಧ ಗಂಟೆ ತುಟಿ ಬಿಚ್ಚದೆ ನಿಂತಳು. ಕೊನೆಗೆ ಅನ್ನ ತಳ ಹಿಡಿದ ವಾಸನೆ ಬಂದು, ಅಡ್ಡ ನಿಂತವರೇ ಒಲೆಯ ಕಡೆ ಓಡಿದ ಮೇಲೆ ಆರಾಮಾಗಿ ಒಳಗೆ ಬಂದಳು. ರೇಷನ್ ಕಾರ್ಡಿನವರು ಕೇಳಿದಾಗ "ಅಂಜನಿ ಮಗನ ಹೆಸರು ಬರೀರಿ" ಅಂದಳಂತೆ. ಆ ತೆಲುಗು ಗುಮಾಸ್ತ ಆಂಜನೇಯುಲು ಎಂದು ಬರೆದ. ಸರ್ಕಾರದ ಅಕ್ಕಿಯನ್ನು ನಾನು ಇವತ್ತಿಗೂ ಆಂಜನೇಯುಲು ಆಗಿಯೇ ಉಣ್ಣುತ್ತಿದ್ದೇನೆ.

ಹೈದರಾಬಾದಿನಲ್ಲಿ ಇದ್ದಷ್ಟು ದಿನ ಇದು ನನ್ನನ್ನು ಬಾಧಿಸಲಿಲ್ಲ. ಅಲ್ಲಿ ಅವಳು ಯಾವ ಗಂಡಸಿನ ಹೆಸರನ್ನೂ ಹೇಳುವ ಪ್ರಸಂಗವೇ ಇರಲಿಲ್ಲ. ಮೂರನೇ ಮಹಡಿಯ ಎರಡು ಕೋಣೆ, ಎದುರು ಬಾಗಿಲಲ್ಲಿ ಯಾವಾಗಲೂ ಬೀಗ, ನಾನು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಊರ ಗಂಡು ಹೆಣ್ಣುಗಳ ಹೆಸರನ್ನೆಲ್ಲ ಮೂರು ಭಾಷೆಯಲ್ಲಿ ತಪ್ಪಿಲ್ಲದೆ ಜೋಡಿಸಿ ಮನೆಗೆ ಬಂದರೆ "ಬಂದ್ರೇನ್ರಿ" ಅನ್ನುವ ಒಂದು ಸ್ವರ. ಅದೇ ಸಾಕಾಗಿತ್ತು. ಲಗ್ನಪತ್ರಿಕೆಗಳು ಫೋನಿಗೆ ಏರಿ ಪ್ರೆಸ್ಸು ಮುಚ್ಚಿದಾಗ ಮಹಾದೇವಿ ಒಂದು ಮಾತು ತೆಗೆದಳು. ಜಹೀರಾಬಾದಿನ ಹತ್ತಿರ ಆರು ಮನೆಯವರು ಸೇರಿ ಒಂದೇ ಹೊಲ, ಒಂದೇ ಅಡುಗೆಮನೆ ಮಾಡಿಕೊಂಡು ಇದ್ದಾರೆ, ನಾವೂ ಹೋಗೋಣ ಎಂದು. "ನಾಲ್ಕು ಮಂದಿ ಕೂಡ ಕುಂತು ಉಣ್ಣೂನ್ರಿ. ಇಲ್ಲಿ ಗ್ವಾಡಿ ನೋಡಿ ನೋಡಿ ಉಂಡು ಸಾಕಾತು." ಒಂದು ವರ್ಷ ನೋಡುವುದು, ಮುಂದಿನ ಮುಂಗಾರಿಗೆ ನನಗೆ ಸೇರದಿದ್ದರೆ ಮರುಮಾತಿಲ್ಲದೆ ವಾಪಸ್, ಎಂದು ಕರಾರಾಯಿತು. ನಾನು ಒಪ್ಪಿದ್ದಕ್ಕೆ ನನ್ನದೇ ಗುಟ್ಟಿನ ಕಾರಣವಿತ್ತು. ಅಡುಗೆ ಹಂಚಿಹೋದರೆ ಹೆಂಡತಿಗೆ ಬಿಡುವು ಸಿಗುತ್ತದೆ, ಸಂಜೆ ಬೇವಿನ ಮರದ ಕೆಳಗೆ ಇಬ್ಬರೇ ಕೂತು ಮಾತಾಡಬಹುದು ಎಂದುಕೊಂಡಿದ್ದೆ. ನಲವತ್ತೆಂಟನೇ ವಯಸ್ಸಿನಲ್ಲಿ ಇಂಥ ಆಸೆ ಇಟ್ಟುಕೊಳ್ಳಬಾರದೆಂದು ನನಗೆ ಯಾರೂ ಹೇಳಿರಲಿಲ್ಲ.

ಬೇವಿನ ಮರದ ಕೆಳಗೆ ಇಬ್ಬರೇ ಕೂರುವುದು ಹಾಗಿರಲಿ, ಊಟದ ಸಾಲಿನಲ್ಲಿ ಅವಳ ಪಕ್ಕ ಜಾಗ ಸಿಗುವುದೇ ಕಷ್ಟವಾಯಿತು. ಮೇಲಾಗಿ ಅಲ್ಲಿ ಅಡುಗೆಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಒಂದು ನಿಯಮ: ಇಲ್ಲಿ ಸಾಹೇಬ ಇಲ್ಲ, ಸರ್ ಇಲ್ಲ, ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು. ಅದನ್ನು ಓದಿ ನಾನು ಒಳಗೊಳಗೇ ಹಿಗ್ಗಿದೆ. ಇನ್ನು ಮಹಾದೇವಿಗೆ ಬೇರೆ ದಾರಿಯೇ ಇಲ್ಲವಲ್ಲ! ಮೊದಲ ದಿನವೇ ಅವಳು ಹತ್ತು ಜನರ ಹೆಸರು ಕಲಿತು ಹತ್ತೂ ಜನರನ್ನು ಕರೆದಳು. ನನ್ನ ಸರದಿ ಬಂದಾಗ "ಇವರೀ" ಅಂದಳು.

ಆ ಹತ್ತರಲ್ಲಿ ಒಂದು ಈ ಸಂಗಮೇಶ. ತಾಂಡೂರಿನ ಮನುಷ್ಯ, ಐವತ್ತು ವರ್ಷ, ಮದುವೆ ಇಲ್ಲ, ನೆಲಕ್ಕೆ ಕಲ್ಲು ಹಾಸುವುದು ಕಸುಬು. ನಮ್ಮ ಅಡುಗೆಮನೆಗೆ ಕಲ್ಲು ಹಾಸಲು ಬಂದವರು ಕೆಲಸ ಮುಗಿದ ಮೇಲೆ ಎದ್ದು ಹೋಗುವುದನ್ನು ಮರೆತಿದ್ದರು. ಎಮ್ಮೆಯ ಹಾಲು ಕರೆಯುವುದು, ಪಂಪು ರಿಪೇರಿ, ಜೋಳದ ರೊಟ್ಟಿ ತಟ್ಟುವುದು, ಆ ಮನುಷ್ಯನಿಗೆ ಬಾರದ ಕೆಲಸವಿಲ್ಲ. "ಸಂಗಮೇಶ, ಉಪ್ಪು ನೋಡ್ರಿ," "ಸಂಗಮೇಶ ಹಾಕಿದ ಕಲ್ಲು ಕಾಲಿಗೆ ಎಷ್ಟ್ ತಂಪ್ರಿ," "ಸಂಗಮೇಶ ಎಲ್ಲಿ ಹೋಗ್ಯಾರ?" ನಾನೂ ಹಟಕ್ಕೆ ಬಿದ್ದು ಒಂದು ದಿನ ರೊಟ್ಟಿ ತಟ್ಟಿದೆ. ಅದನ್ನು ಅಡುಗೆಮನೆಯ ಲೆಕ್ಕ ಬರೆಯುವ ರಜಿಯಾಬಿ ಎಮ್ಮೆಗೆ ಇಟ್ಟರು. ಎಮ್ಮೆ ಒಮ್ಮೆ ಮೂಸಿ ಸಂಗಮೇಶರ ಕಡೆ ಮುಖ ತಿರುಗಿಸಿತು. ಆ ಎಮ್ಮೆಯೂ ಅವರ ಪಾರ್ಟಿ ಎಂದು ಅವತ್ತೇ ನಿಶ್ಚಯವಾಯಿತು.

ಹೀಗೆ ವರ್ಷ ತುಂಬುತ್ತ ಬಂದು ಮುಂಗಾರು ಮೋಡ ಕಟ್ಟಿತು. ಎಂಟು ಎಕರೆಗೆ ಯಾವ ತೊಗರಿ ಬಿತ್ತಬೇಕೆಂದು ಅಡುಗೆಮನೆಯಲ್ಲಿ ಸಭೆ ಸೇರಿತು. ತೊಗರಿಯಲ್ಲಿ ಹಲವು ತಳಿ. ನಮ್ಮ ಮುಂದೆ ಇದ್ದವು ಎರಡು, ಒಂದರ ಹೆಸರು ಆಶಾ, ಇನ್ನೊಂದರ ಹೆಸರು ಮಾರುತಿ. ನಾನು ಹುಟ್ಟಿಸಿದ್ದಲ್ಲ, ಬೀಜದಂಗಡಿಯಲ್ಲಿ ಕೇಳಿ ನೋಡಿ. ಸಂಗಮೇಶ "ಆಶಾ ಕಾಳು ದಪ್ಪ" ಅಂದರು. ತೊಗರಿಯನ್ನು ಸಾರಿನಲ್ಲಿ ಮಾತ್ರ ಕಂಡಿದ್ದ ನಾನು ಎದ್ದು ನಿಂತು ಮಾರುತಿಯ ಪರವಾಗಿ ಕಾಲು ಗಂಟೆ ಭಾಷಣ ಮಾಡಿದೆ. ಅದು ಬೇಗ ಕೊಯ್ಲಿಗೆ ಬರುತ್ತದೆ, ನಂಬಿಕಸ್ತ ಬೆಳೆ, ಸ್ವಭಾವದಿಂದಲೂ ಒಳ್ಳೆಯದು ಎಂದೆಲ್ಲ ಹೇಳಿದೆನಂತೆ. ಒಬ್ಬೊಬ್ಬರೇ ತಮಗೆ ಬೇಕಾದ ತಳಿಯ ಹೆಸರು ಹೇಳುತ್ತ ಬಂದರು, ತಾವು ಓಟು ಹಾಕದೆ ರಜಿಯಾಬಿ ಬರೆದುಕೊಂಡರು. ಐದು ಆಶಾ, ಐದು ಮಾರುತಿ. ಉಳಿದವಳು ಮಹಾದೇವಿ.

ಅವಳು ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಮುಖ ಕೆಂಪಾಯಿತು. "ಅದ... ಬೇಗ ಬರೋದು," ಅಂದಳು. "ಗೋಲ್‌ಮಾಲ್ ಮಾತು ನಕ್ಕೋ, ಹೆಸರು ಬೋಲೋಜಿ!" ಸುತ್ತುಬಳಸು ಬೇಡವೆಂದು ರಜಿಯಾಬಿ ಪೆನ್ನು ಹಿಡಿದು ಗದರಿದರು. ಹನ್ನೊಂದು ಜನರ ಮುಂದೆ ಮಹಾದೇವಿ ನನ್ನನ್ನೊಮ್ಮೆ ನೋಡಿದಳು, ಬಾಯಿ ತೆರೆದಳು, ಕಣ್ಣು ಮುಚ್ಚಿದಳು. "ಆಶಾ," ಅಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸೀದಾ ಕೋಣೆಗೆ ಹೋಗಿ ಚೀಲ ತುಂಬತೊಡಗಿದೆ. ಅಂಗಿ, ಪಂಚೆ, ಕನ್ನಡಕದ ಡಬ್ಬಿ, ಸಿಟ್ಟಿನಲ್ಲಿ ಎರಡು ತಲೆದಿಂಬು. ಹಿಂದೆಯೇ ಬಂದ ಮಹಾದೇವಿ "ಎಲ್ಲಿಗ್ರಿ?" ಅಂದಳು.

"ಹೈದರಾಬಾದಿಗೆ. ವರ್ಷ ಆತು. ನನಗೆ ಸೇರಲಿಲ್ಲ. ಕರಾರು ಕರಾರೇ."

ಅವಳ ಮುಖ ಸಣ್ಣದಾಯಿತು. ಆ ಒಂದು ವರ್ಷ ಇದ್ದಷ್ಟು ಖುಷಿಯಾಗಿ ಅವಳನ್ನು ನಾನು ಹಿಂದೆಂದೂ ಕಂಡಿರಲಿಲ್ಲ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ದಿಂಬು ತುರುಕಿದೆ. "ಬರ್ತೀನಿ. ಮಾತು ಕೊಟ್ಟೀನಲ್ಲ," ಅಂದಳು. "ಆದ್ರ ಯಾಕ ಸೇರಲಿಲ್ಲ, ಅದನ್ನರ ಹೇಳ್ರಿ."

ಇಪ್ಪತ್ತೆರಡು ವರ್ಷದ್ದು ಒಂದೇ ಸಲ ಬಾಯಿಗೆ ಬಂತು. "ಸಂಗಮೇಶ ಸಂಗಮೇಶ ಅಂತ ಜಪ ಮಾಡ್ತಿ. ಇವತ್ತು ಊರ ಮಂದಿ ಮುಂದ ಅವರ ಪರ ನಿಂತಿ. ನನ್ನ ಹೆಸರಿನ ಬೀಜಕ್ಕೂ ನಿನ್ನ ಹತ್ರ ಒಂದು ಓಟಿಲ್ಲ!"

ಮಹಾದೇವಿ ಹಣೆ ಹಣೆ ಬಡಿದುಕೊಂಡಳು. ಬಗ್ಗಿ ಮಂಚದ ಕೆಳಗಿಂದ ಒಂದು ಚೀಲ ಎಳೆದಳು. ಒಳಗೆ ಹುಳ ಹಿಡಿಯದಂತೆ ಬೂದಿ ಬೆರೆಸಿದ ಬಿತ್ತನೆಯ ತೊಗರಿ. "ನಮ್ಮಣ್ಣಗ ಹೇಳಿ ನಾರಾಯಣಖೇಡದಿಂದ ತರಿಸಿ ಇಟ್ಟೀನಿ. ಯಾವ ತಳಿ ಅಂತ ಕೇಳ್ರಿ! ನಂಗ ಬೇಕಾಗಿದ್ದು ಇದ. ಹೇಳಾಕ ಹೋದೆ, ಬಾಯಿ ಬರ್ಲಿಲ್ಲ. ನಿಮ್ಮ ಹೆಸರು ಅಷ್ಟು ಮಂದಿ ಮುಂದ ಹ್ಯಾಂಗ ತಗೊಳ್ಳಿ ನಾ? ಅವರದು ಬರೇ ಹೆಸರು, ಕರೀತೀನಿ. ನಿಮ್ಮದು ಬರೇ ಹೆಸರೇನ್ರಿ?"

ನಾನು ದಿಂಬನ್ನು ಹೊರಗೆ ತೆಗೆದೆ. ಆ ಮಾತು ಕೇಳಿದ ಮೇಲೆ ಯಾವ ಗಂಡಸು ಬಸ್ಸು ಹತ್ತುತ್ತಾನೆ? ಆದರೆ ಆಶಾ ಬಿತ್ತನೆಗೆ ಎಲ್ಲರೂ ಒಪ್ಪಿಯಾಗಿತ್ತು. ಮರುದಿನ ಬೆಳಗಿನ ನಾಷ್ಟಾದ ಹೊತ್ತಿಗೆ ಮಹಾದೇವಿ ಎದ್ದು ನಿಂತು, ನಿನ್ನೆಯ ಓಟು ತಪ್ಪಾಗಿದೆ, ತನ್ನದು ಇನ್ನೊಂದಕ್ಕೆ ಅಂದಳು. ಕಾರಣ ತಿಳಿದ ಹೆಂಗಸರು ಸುಮ್ಮನೆ ಬಿಡುತ್ತಾರೆಯೇ? "ಹಂಗಾದ್ರ ಒಡಪು ಹಾಕು! ಒಡಪು ಇಲ್ದ ಓಟಿಲ್ಲ!" ಎಂದು ತಾಟು ಬಡಿದರು. ಮದುವೆಯ ದಿನ ತಪ್ಪಿಸಿಕೊಂಡದ್ದಕ್ಕೆ ಈಗ ಸಿಕ್ಕಿಬಿದ್ದಿದ್ದಳು. ಅವಳು ಸೆರಗು ತಲೆಯ ಮೇಲೆ ಎಳೆದು, ನೆಲ ನೋಡುತ್ತ, ಒಂದೇ ಉಸಿರಿಗೆ ಹೇಳಿದಳು:

"ತಾಂಡೂರ ಕಲ್ಲು ತಂಪ, ಖೇಡದ ತೊಗರಿ ಕೆಂಪ,
ಮಂದಿ ಹೆಸರು ಕರದ್ರ ಇವರ ಮಾರಿ ಇನ್ನೂ ಕೆಂಪ,
ಹೊಟ್ಟೆಕಿಚ್ಚಿನ ಮಾರುತಿರಾಯರ ಕೂಡ ನನ್ನ ಬಾಳೇ ಸೊಂಪ."

ಅಡುಗೆಮನೆ ಹಾರಿಹೋಗುವಂಥ ನಗು. ನನ್ನ ಮುಖ ಆ ಒಡಪಿನಂತೆಯೇ ಕೆಂಪಾಯಿತು. ನನ್ನ ಹೆಸರು ಬಂತೆಂದು ಹಿಗ್ಗಬೇಕೋ, ಅದರ ಹಿಂದೆ ಹೊಟ್ಟೆಕಿಚ್ಚು ಅಂಟಿಕೊಂಡು ಬಂತೆಂದು ನಾಚಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಸಂಗಮೇಶ ಎಲ್ಲರಿಗಿಂತ ಜಾಸ್ತಿ ನಕ್ಕು, ಆಮೇಲೆ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದರು: "ನಂದೂ ಅದೇ ಕಥೀ ಅದ್ರಿ, ಮಾರುತಿ. ತಾಂಡೂರದಾಗ ಒಬ್ಬಾಕಿ ಆಶಾ ಅಂತಿದ್ಲು. ನಾ ಬಾಯಿಬಿಟ್ಟು ಹೇಳೋದ್ರಾಗ ಬ್ಯಾರೇದವರ ಕೂಡ ಆಕಿ ಲಗ್ನಪತ್ರಿಕಿ ಬಂತು. ಆಕಿ ಹೆಸರು ಹೊಲದಾಗರ ಇರ್ಲಿ ಅಂತ ಆಶಾ ಅಂದೆ." ಆ ಪತ್ರಿಕೆಯ ಕರಡು ತಿದ್ದಿದವನು ನಾನೇ ಇರಬಹುದೇ ಎಂದು ನನಗೆ ಸುಮಾರು ದಿನ ಒಳಗೊಳಗೇ ಕಸಿವಿಸಿಯಾಯಿತು. ಕೊನೆಗೆ ಏಳು ಎಕರೆ ಮಾರುತಿ, ಅವರಿಗಾಗಿ ಒಂದು ಎಕರೆ ಆಶಾ ಬಿತ್ತಿದೆವು. ಆ ಒಂದು ಎಕರೆಯ ಪರ ಮೊದಲು ಮಾತಾಡಿದವನು ನಾನು.

ಅಲ್ಲಿಂದಾಚೆ ಎಲ್ಲರ ಬಾಯಲ್ಲೂ ನನ್ನ ಹೆಸರೇ. "ಮಾರುತಿಗೆ ಹುಳ ಬಿದ್ದದ," "ಮಾರುತಿ ತಲಿ ಚಿವುಟಬೇಕು, ಮ್ಯಾಲೆ ಮ್ಯಾಲೆ ಹೊಂಟದ." ಮೊದಮೊದಲು ಬೆಚ್ಚುತ್ತಿದ್ದೆ, ಈಗ ರೂಢಿಯಾಗಿದೆ. ಮಹಾದೇವಿ ಮಾತ್ರ ಒಡಪಿನ ಸಾಲ ತೀರಿತೆಂಬಂತೆ ಮತ್ತೆ 'ಇವರು' ಶುರು ಮಾಡಿದ್ದಳು.

ತೊಗರಿ ಹಳದಿ ಹೂ ಬಿಟ್ಟ ಕಾಲ. ಒಂದು ಬೆಳಿಗ್ಗೆ ನಾನು ಹೊಲದ ನಡುವೆ ಕಳೆ ಕೀಳುತ್ತ ಕೂತಿದ್ದೆ, ಗಿಡ ನನಗಿಂತ ಎತ್ತರ. ಆಚೆ ಸಾಲಿನಲ್ಲಿ ಬಳೆ ಸದ್ದಾಯಿತು. ಸುತ್ತ ಯಾರೂ ಇಲ್ಲವೆಂದು ತಿಳಿದ ಮಹಾದೇವಿ ಒಂದು ಗಿಡದ ಮೈ ಸವರುತ್ತ, ನಾನೆಂದೂ ಕೇಳದ ದನಿಯಲ್ಲಿ, ಏಕವಚನದಲ್ಲಿ ಹೇಳುತ್ತಿದ್ದಳು: "ಎಷ್ಟ್ ಚಂದ ಆಗೀಯೋ ಮಾರುತಿ."

"ಓ!" ಅಂದೆ ನಾನು. ತಡೆದುಕೊಳ್ಳಲಾಗಲಿಲ್ಲ.

ಅವಳು ಹೌಹಾರಿ ಗಿಡ ಸರಿಸಿ ನೋಡಿದಳು. ಮುಖ ಹೂವಿಗಿಂತ ರಂಗೇರಿತ್ತು. "ನಿಮ್ಮನ್ನಲ್ರೀ! ತೊಗರಿಗೆ ಅಂದೆ," ಎಂದು ಗದರಿಸಿ, ಸೆರಗು ಬಾಯಿಗಿಟ್ಟುಕೊಂಡು ಓಡಿದಳು.

ಈಗ ಸಂಗಮೇಶರ ಮೇಲೆ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ. ದಿನಾ ಬೆಳಿಗ್ಗೆ ಎದ್ದು ಆ ಗಿಡವೊಂದನ್ನು ಮಾತ್ರ ದುರುಗುಟ್ಟಿ ನೋಡಿ ಬರುತ್ತೇನೆ.