ಹಜಾರದಲ್ಲಿ ನಿಂತ ಕೋಳಿಮನೆ

ಕಾಗದದ ಮೇಲೆ ಕಟ್ಟುವ ಮನೆಯಷ್ಟು ಸುಖವಾದ ಮನೆ ಇನ್ನೊಂದಿಲ್ಲ. ಅದು ಸೋರುವುದಿಲ್ಲ, ಅದಕ್ಕೆ ಸುಣ್ಣ ಬಳಿಸಬೇಕಿಲ್ಲ. ಬೇಡವಾದ ಗೋಡೆಯನ್ನು ರಬ್ಬರಿನಿಂದ ಉಜ್ಜಿದರೆ ಧೂಳೇಳದೆ ಬಿದ್ದುಹೋಗುತ್ತದೆ. ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ ನಾನು ಇಂಥ ಕಟ್ಟಡಗಳನ್ನು ಎಷ್ಟೋ ಕಟ್ಟಿದ್ದೇನೆ. ಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿ, ಒಮ್ಮೆ ಒಂದು ಜೈಲು ಕೂಡ. ಆದರೆ ಮನೆಯ ಗೋಡೆಗೆ ಮೊಳೆ ಹೊಡೆಯಲು ಹೊರಟರೆ ನನ್ನ ಹೆಂಡತಿ ಗಿರಿಜೆ ಸುತ್ತಿಗೆಯನ್ನು ಕೈಯಿಂದ ಕಿತ್ತುಕೊಳ್ಳುತ್ತಾಳೆ. ಹಿಂದೊಮ್ಮೆ ಕ್ಯಾಲೆಂಡರ್ ನೇತುಹಾಕಲು ಹೋಗಿ ನಾನು ತೆಗೆದ ತೂತಿನಲ್ಲಿ ಗುಬ್ಬಿಯೊಂದು ಸಂಸಾರ ಹೂಡಿತ್ತು. ಹಕ್ಕಿಗಳಿಗೆ ಮನೆ ಕಟ್ಟಿಕೊಡುವುದರಲ್ಲಿ ನನಗಿದ್ದ ಅನುಭವ ಅಷ್ಟೇ.

ಇದು ಅರವತ್ತರ ದಶಕದ ಆರಂಭದ ಮಾತು. ಆಗ ನಾವು ಜಯನಗರದಲ್ಲಿ ಬಾಡಿಗೆಗಿದ್ದೆವು. ಬಡಾವಣೆಗೆ ರಸ್ತೆಗಳು ಬಂದಿದ್ದವು, ಕಲ್ಲಿನ ಮೇಲೆ ಸೈಟಿನ ನಂಬರುಗಳು ಬಂದಿದ್ದವು, ಮನೆಗಳು ಮಾತ್ರ ಇನ್ನೂ ಯೋಚನೆ ಮಾಡುತ್ತಿದ್ದವು. ನಮ್ಮ ಹಿತ್ತಲಿನಿಂದಾಚೆಗೆ ಬಿಳೇಕಹಳ್ಳಿಯ ಕಡೆ ನೋಡಿದರೆ ಬಯಲೋ ಬಯಲು. ಅಲ್ಲಿಂದ ಮುಂಗುಸಿಗಳೂ ನರಿಗಳೂ ಹೊಸ ಬಡಾವಣೆ ಎಲ್ಲಿಯವರೆಗೆ ಬಂತು ಎಂದು ಆಗಾಗ ನೋಡಿಕೊಂಡು ಹೋಗುತ್ತಿದ್ದವು. ಮನೆಯ ಮಾಲೀಕರು ಮುನಿಯಪ್ಪನವರು, ಸುದ್ದಗುಂಟೆಪಾಳ್ಯದ ಕಡೆಯವರು. ಹೊಲವಿದ್ದ ಕಡೆ ಬಡಾವಣೆ ಬಂದ ಮೇಲೆ ಎರಡು ಮನೆ ಕಟ್ಟಿಸಿ, ಒಂದರಲ್ಲಿ ತಾವಿದ್ದು ಇನ್ನೊಂದನ್ನು ನಮಗೆ ಕೊಟ್ಟಿದ್ದರು. ನಾವು ಲಿಂಗವಂತರು, ಮಾಂಸ ಮುಟ್ಟುವವರಲ್ಲ ಎಂದು ಕೇಳಿ ತಿಳಿದುಕೊಂಡೇ ಕೊಟ್ಟದ್ದು. "ನಾವು ತಿಂತೀವಿ ಸ್ವಾಮಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ತಿನ್ನೋರಿಗೆ ಮನೆ ಕೊಡಲ್ಲ," ಎಂದು ಮೊದಲ ದಿನವೇ ತಮ್ಮ ನೀತಿಯನ್ನು ವಿವರಿಸಿದ್ದರು.

ಒಂದು ಶುಕ್ರವಾರ ಸಂಜೆ ನಾನು ಕಚೇರಿಯಿಂದ ಬಂದು, ಕೈಕಾಲು ತೊಳೆಯಲೆಂದು ಬಚ್ಚಲ ಬಾಗಿಲು ತೆರೆದರೆ ಐದು ಬಿಳೀ ಕೋಳಿಗಳು ನೀರು ಕಾಯಿಸುವ ಹಂಡೆಯ ಒಲೆಯ ಮುಂದೆ ಸಾಲಾಗಿ ಕೂತು ಚಳಿ ಕಾಯಿಸಿಕೊಳ್ಳುತ್ತಿದ್ದವು. ಪರಕೀಯನೊಬ್ಬ ನುಗ್ಗಿದ ಹಾಗೆ ನನ್ನ ಕಡೆ ನೋಡಿದವು. ನಾನು "ಕ್ಷಮಿಸಿ" ಅಂದು ಬಾಗಿಲು ಹಾಕಿದೆ.

ಆದದ್ದಿಷ್ಟು. ಕೋಣನಕುಂಟೆಯ ಹತ್ತಿರ ಯಾರೋ ನಿವೃತ್ತ ಅಧಿಕಾರಿ ಕೋಳಿ ಸಾಕಣೆ ಮಾಡಿ ಬೇಸತ್ತು, ಮೊಟ್ಟೆ ಕಡಿಮೆಯಾದ ಕೋಳಿಗಳನ್ನು ಮಾರಿಬಿಟ್ಟಿದ್ದ. ಅವನ್ನು ಸೈಕಲ್ಲಿನ ಹ್ಯಾಂಡಲ್‌ಗೆ ತಲೆಕೆಳಗಾಗಿ ಕಟ್ಟಿಕೊಂಡು ಪೇಟೆಯ ಮಿಲಿಟರಿ ಹೋಟೆಲಿಗೆ ಒಯ್ಯುತ್ತಿದ್ದವನ ಸೈಕಲ್ಲು ನಮ್ಮ ಮನೆಯ ಮುಂದೆಯೇ ಪಂಕ್ಚರ್ ಆಗಿತ್ತು. ಅವನು ನೀರು ಕೇಳಿದ. ನೀರು ತಂದ ಗಿರಿಜೆ ಮೊದಲು ಕೋಳಿಗಳಿಗೆ ಕುಡಿಸಿದಳು. ಅವುಗಳ ತಲೆ ನೇರ ಮಾಡುವವರೆಗೆ ಅವನಿಗೆ ಲೋಟ ಕೊಡಲಿಲ್ಲ. ಆಮೇಲೆ ಮಾತಿಗೆ ಮಾತು ಬೆಳೆದು, ಕೊನೆಗೆ ನನ್ನ ಮದುವೆಯ ಉಣ್ಣೆಯ ಕೋಟನ್ನು ಅವನಿಗೆ ಕೊಟ್ಟು ಐದನ್ನೂ ಇಳಿಸಿಕೊಂಡಿದ್ದಳು.

"ನನ್ನ ಕೋಟು!" ಎಂದೆ.

"ಕೋಟಿಗೆ ಜೀವ ಇತ್ತೇನ್ರೀ?" ಎಂದಳು ಗಿರಿಜೆ. "ಅವುಗಳಲ್ಲೊಂದು ಕೋಳಿ ನನ್ನ ಮುಖ ನೋಡ್ತು. ನೀವಾಗಿದ್ರೂ ಬಿಡಿಸ್ಕೊಳ್ತಿದ್ರಿ."

ಆಗ ನನಗೆ ಕೋಟಿನ ವಿಷಯಕ್ಕಿಂತ ದೊಡ್ಡ ಚಿಂತೆಯೊಂದು ನೆನಪಾಯಿತು. ಸೋಮವಾರ ಸಂಜೆಯ ರೈಲಿಗೆ ತಿಪಟೂರಿನಿಂದ ನಮ್ಮ ತಂದೆ ಬರುವವರಿದ್ದರು. ಕಣ್ಣಿನ ಪೊರೆ ತೆಗೆಸಿ ಕನ್ನಡಕ ಹಾಕಿಸಿಕೊಳ್ಳಬೇಕಿತ್ತು. ಅವರು ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಸ್ನಾನ, ವಿಭೂತಿ, ಲಿಂಗಪೂಜೆ ಆಗದೆ ಒಂದು ತೊಟ್ಟು ಕಾಫಿ ಕುಡಿದವರಲ್ಲ. ನಾನು ಮಕ್ಕಳ ತಂದೆಯಾಗುವ ವಯಸ್ಸಿಗೆ ಬಂದಿದ್ದರೂ ಅವರೆದುರು ಕೂತು ಮಾತಾಡಿದ್ದಿಲ್ಲ. ಅಂಥವರಿಗೆ ಬಚ್ಚಲಲ್ಲಿ ಕೋಳಿಗಳಿವೆ, ನೀವು ಸ್ವಲ್ಪ ಪಕ್ಕಕ್ಕೆ ಕೂತು ಸ್ನಾನ ಮಾಡಿ ಎನ್ನುವುದು ಹೇಗೆ?

ಅಷ್ಟರಲ್ಲಿ ಮುನಿಯಪ್ಪನವರ ತಲೆ ಕಾಂಪೌಂಡ್ ಗೋಡೆಯ ಮೇಲೆ ಕಾಣಿಸಿತು. "ಏನ್ ಸ್ವಾಮಿ, ಕೋಳಿ ಶಬ್ದ ಕೇಳ್ತು. ನೀವೂ ಶುರು ಹಚ್ಕೊಂಡ್ರಾ?"

"ಇಲ್ಲ ಮುನಿಯಪ್ಪನವರೇ, ಸಾಕೋದಕ್ಕೆ."

"ಸಾಕೋದು ಸರಿ. ಆಮೇಲೆ?"

"ಆಮೇಲೂ ಸಾಕೋದೇ."

ಅವರು ಗೋಡೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಒಳಗೆ ಬಂದು ಬಚ್ಚಲಿನ ನೆಲ ನೋಡಿದರು, ಆಗ ಮುಖ ಬದಲಾಯಿತು. "ಹೊಸಾ ಸಿಮೆಂಟು ಸ್ವಾಮಿ ಇದು. ಹಿತ್ತಲಲ್ಲಿ ಏನಾದ್ರೂ ಸಾಕ್ಕೊಳಿ, ಆನೆ ಸಾಕಿದ್ರೂ ನಾನು ಕೇಳಲ್ಲ. ಒಳಗೆ ಮಾತ್ರ ಇರಕೂಡ್ದು. ಈ ವಾರ ಕಳೆಯೋದ್ರೊಳಗೆ ಆಚೆಗೆ ಹಾಕ್ಬೇಕು, ಇಲ್ಲಾಂದ್ರೆ ಬೇರೆ ಮನೆ ನೋಡ್ಕೊಬೇಕು." ಹೀಗೆಂದು, ಮೂಲೆಯಲ್ಲಿ ಬಿದ್ದಿದ್ದ ಒಂದು ಮೊಟ್ಟೆಯನ್ನು, ನಮಗೆ ಅದು ಬೇಡವೆಂದು ಖಚಿತಪಡಿಸಿಕೊಂಡು, ಜೇಬಿಗೆ ಇಳಿಸಿ ಹೋದರು.

ಶನಿವಾರ ಕಚೇರಿಗೆ ಅರ್ಧ ದಿನದ ಕೆಲಸ. ನಾನು ಮೇಜಿನ ಮೇಲೆ ಕಾಗದ ಬಿಗಿದು ಕೋಳಿಮನೆಯ ನಕ್ಷೆ ಬರೆಯತೊಡಗಿದೆ. ಇಂಥ ವಿಷಯ ಕಚೇರಿಯಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಪಕ್ಕದ ಮೇಜಿನ ಶೇಷಾದ್ರಿ ಬಗ್ಗಿ ನೋಡಿ, "ಗಾಳಿ ಬೆಳಕು ಸಾಲ್ದು ಕಣಯ್ಯ, ಇನ್ನೊಂದು ಕಿಟಕಿ ಇಡು," ಎಂದ. ಇನ್ನೊಬ್ಬರು ಮಳೆ ನೀರು ನಿಲ್ಲದಂತೆ ಮೇಲಿನ ಮಾಡನ್ನು ಇಳಿಜಾರಾಗಿ ಎತ್ತರಿಸಿದರು. ಮತ್ತೊಬ್ಬರು ಮುಂದೆ ಮರಿಗಳಾದರೆ ಎಂದು ದೂರದೃಷ್ಟಿಯಿಂದ ಒಂದು ಕೋಣೆ ಸೇರಿಸಿದರು. ಕೊನೆಗೆ ಬಂದ ನಮ್ಮ ಮೇಲಧಿಕಾರಿ ಕನ್ನಡಕ ಏರಿಸಿ, "ಇದು ಯಾವ ತಾಲ್ಲೂಕಿನ ಕಟ್ಟಡ?" ಎಂದು ಕೇಳಿದರು. "ಜಯನಗರದ್ದು ಸಾರ್," ಎಂದೆ. "ಬಾಗಿಲು ಚಿಕ್ಕದಾಯ್ತಲ್ರೀ," ಎಂದು ಹೇಳಿ ಹೋದರು. ಬಾಗಿಲನ್ನೂ ದೊಡ್ಡದು ಮಾಡಿದೆ.

ಭಾನುವಾರ ಟೀ ಸೊಪ್ಪು ತುಂಬಿ ಬರುವ ಹಳೆಯ ಮರದ ಪೆಟ್ಟಿಗೆಗಳು, ಜಾಲರಿ, ಮೊಳೆ ಎಲ್ಲ ಸಿದ್ಧವಾದವು. ಜೊತೆಗೆ ಮಳೆಯೂ ಹಿಡಿಯಿತು. ಹಿತ್ತಲಲ್ಲಿ ಕೆಲಸ ಮಾಡುವಂತಿರಲಿಲ್ಲವಾದ್ದರಿಂದ ಹಜಾರದಲ್ಲೇ ಕಟ್ಟಿದೆವು. ಕಟ್ಟಿದೆವು ಎಂದರೆ ನಾನು ನಕ್ಷೆ ಓದಿದೆ, ಗಿರಿಜೆ ಮೊಳೆ ಹೊಡೆದಳು. ಸಂಜೆಯ ಹೊತ್ತಿಗೆ ಎದ್ದು ನಿಂತ ಕಟ್ಟಡ ನೋಡಿ ನನಗೆ ಕಣ್ಣು ತುಂಬಿ ಬಂತು. ನನ್ನ ನಕ್ಷೆಯೊಂದು ಮರದಲ್ಲಿ ನಿಂತದ್ದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಮಳೆ ನಿಂತಿತು. ಇಬ್ಬರೂ ಎರಡು ಕಡೆ ಹಿಡಿದು ಹಿತ್ತಲ ಬಾಗಿಲಿಗೆ ಒಯ್ದೆವು. ಅದು ಹೋಗಲಿಲ್ಲ. ಅಡ್ಡ ಮಾಡಿದೆವು, ಹೋಗಲಿಲ್ಲ. ಮುಂಬಾಗಿಲಿಗೆ ತಂದೆವು, ಅಲ್ಲೂ ಹೋಗಲಿಲ್ಲ. ಕೋಳಿಯ ಉದ್ದ, ಅಗಲ, ರೆಕ್ಕೆ ಬಿಚ್ಚಿದಾಗಿನ ವಿಸ್ತಾರ ಎಲ್ಲವನ್ನೂ ಅಳೆದಿದ್ದ ನಾನು ನಮ್ಮ ಮನೆಯ ಬಾಗಿಲನ್ನು ಅಳೆದಿರಲಿಲ್ಲ.

ಗಿರಿಜೆ ಸುತ್ತಿಗೆಯನ್ನು ಅದರ ಜಾಗದಲ್ಲಿಟ್ಟು ಅಡಿಗೆಮನೆಗೆ ಹೋದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನಕ್ಷೆಯಲ್ಲಿ ಬಿಚ್ಚುವ ವಿಷಯ ಇರಲಿಲ್ಲವಾದ್ದರಿಂದ ಬಿಚ್ಚಬಹುದೆಂದು ನನಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದಿರಬಹುದು, ಆದರೆ ಹೊಡೆದ ಮೊಳೆಗಳೆಲ್ಲ ಅವಳವು.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ತಂದೆ ಬಂದರು. ಹಜಾರದ ಮಂಕು ಬೆಳಕಿನಲ್ಲಿ ಗೋಡೆ ಮುಟ್ಟಿಕೊಂಡು ನಡೆದು, ಕೋಳಿಮನೆಗೆ ಕೈ ತಾಗಿ ನಿಂತರು. ಮಾಡನ್ನು ಸವರಿದರು, ಕಂಬಗಳನ್ನು ಸವರಿದರು.

"ಮಂಟಪ ಮಾಡಿಸಿದೀಯೇನೋ ರುದ್ರಾ?" ಎಂದರು. ಅವರ ದನಿ ನಾನೆಂದೂ ಕೇಳದಷ್ಟು ಮೆತ್ತಗಿತ್ತು. "ನನ್ನ ಪೂಜೆಗೆ ಅಂತಲಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು "ಹೌದು ಅಪ್ಪಾಜಿ" ಎಂಬ ಮಾತು.

"ಬಾಗಿಲಿಗೆ ಜಾಲರೀನೂ ಹಾಕ್ಸಿದೀಯ."

"ಇಲಿ ಬರದೇ ಇರಲಿ ಅಂತ."

"ಒಳಗೆ ಅಡ್ಡಡ್ಡ ಕೋಲು ಯಾತಕ್ಕೋ?"

ಅದು ಕೋಳಿ ಕೂರುವ ಕೋಲು. "ಹೂವಿನ ಹಾರ ಇಳಿಬಿಡೋದಕ್ಕೆ," ಎಂದೆ.

"ನೆಲ ಇಳಿಜಾರಾಗಿದೆ?"

"ಅಭಿಷೇಕದ ನೀರು ಹರಿದುಹೋಗೋದಕ್ಕೆ, ಮಾವ," ಎಂದು ಗಿರಿಜೆ ಒಳಗಿನಿಂದ ಹೇಳಿದಳು. ಈ ಸುಳ್ಳಿನಲ್ಲಿ ಅವಳೂ ಪಾಲುದಾರಳಾದದ್ದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು. ತಂದೆ ತಮ್ಮ ಪೂಜೆಯ ಪೆಟ್ಟಿಗೆಯಿಂದ ವಿಭೂತಿಗಟ್ಟಿಯನ್ನೂ ಗಂಟೆಯನ್ನೂ ತೆಗೆದು ಕೋಳಿಮನೆಯೊಳಗೆ ಜೋಡಿಸಿದರು. ಮರಿಗಳ ಕೋಣೆಯಲ್ಲಿ ಊದಿನಕಡ್ಡಿ ಇಟ್ಟರು.

ಬೆಳಿಗ್ಗೆ ಬಚ್ಚಲ ಒಲೆ ಕೆಟ್ಟಿದೆ ಎಂದು ಹೇಳಿ ಗಿರಿಜೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾವನ ಸ್ನಾನಕ್ಕೆ ಬಿಸಿನೀರಿಟ್ಟಳು. ತಂದೆ ಆಕಾಶದ ಕೆಳಗೆ ಶಿವಸ್ತುತಿ ಮಾಡುತ್ತಾ ಎರಡು ಚೊಂಬು ಹೊಯ್ದುಕೊಂಡಿರಬೇಕು, ಕಾಂಪೌಂಡ್ ಗೋಡೆಯ ಮೇಲೆ ಮುನಿಯಪ್ಪನವರ ತಲೆ ಮೂಡಿತು.

"ನಮಸ್ಕಾರ ಯಜಮಾನ್ರೇ! ಇದೇನು, ಬಚ್ಚಲು ಕೋಳಿಗಳಿಗೆ ಬಿಟ್ಕೊಟ್ಟು ನೀವು ಬಯಲಲ್ಲಿ ಸ್ನಾನ ಮಾಡ್ತಾ ಇದೀರಾ?"

ತಂದೆಯ ಚೊಂಬು ಅರ್ಧದಲ್ಲಿ ನಿಂತಿತು. "ಯಾವ ಕೋಳಿ?" ಎಂದರು. ಉತ್ತರ ಬಚ್ಚಲಿನೊಳಗಿಂದ ಬಂತು. ಐದೂ ಕೋಳಿಗಳು ಒಟ್ಟಿಗೆ ಕೊಟ್ಟ ಉತ್ತರ. ಅವರು ಒದ್ದೆ ಮೈಯಲ್ಲೇ ಎದ್ದು ಬಂದು ಬಾಗಿಲು ತೆರೆದರು. ಕೋಳಿಗಳು ಒಂದರ ಹಿಂದೊಂದು ಅವರ ಕಾಲಿನ ಪಕ್ಕದಲ್ಲಿ ಹಾದು, ಹಜಾರಕ್ಕೆ ನಡೆದು, ತಮ್ಮ ಮನೆ ಯಾವುದೆಂದು ಯಾರೂ ಹೇಳಿಕೊಡದಿದ್ದರೂ ಸೀದಾ ಮಂಟಪದೊಳಗೆ ಹೋಗಿ, ಹಾರಕ್ಕಾಗಿ ಇಟ್ಟ ಕೋಲಿನ ಮೇಲೆ ಹತ್ತಿ ಕುಳಿತವು. ಗಂಟೆ ಉರುಳಿ ಠಣ್ ಎಂದಿತು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಗಿರಿಜೆ ಮುಂದೆ ಬಂದು, ಸೈಕಲ್ಲು, ತಲೆಕೆಳಗಾದ ಕೋಳಿಗಳು, ಮಿಲಿಟರಿ ಹೋಟೆಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕೊನೆಯಲ್ಲಿ, "ತಪ್ಪು ನಂದು ಮಾವ. ಆದ್ರೆ ಅವನ್ನ ಮಾತ್ರ ಕೊಡಲ್ಲ," ಎಂದಳು. ನಮ್ಮ ಮನೆತನದಲ್ಲಿ ತಂದೆಗೆ ಯಾರೂ ಆ ದನಿಯಲ್ಲಿ ಏನನ್ನೂ ಹೇಳಿದ್ದಿಲ್ಲ.

ತಂದೆ ಮಂಟಪದ ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಅವರು ನಗುತ್ತಿದ್ದಾರೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಸಮಯ ಹಿಡಿಯಿತು, ಮೊದಲು ನೋಡಿ ಗೊತ್ತಿರಲಿಲ್ಲವಲ್ಲ. "ಲಿಂಗಪೂಜೆಗೆ ಅಂಗೈ ಸಾಕು ಕಣೋ," ಎಂದರು. "ಕೋಳಿ ಇರೋದಕ್ಕೆ ಅಂಗೈ ಸಾಲ್ದು. ಮೇಲಿನ ಮಾಡು ಬಿಚ್ಚಿ ಆಚೆಗೆ ಸಾಗಿಸು. ಹೆಡ್‌ಮಾಸ್ಟರ ಮಗನಾಗಿ ಇಷ್ಟು ತಿಳೀಲಿಲ್ವೆ?"

ಮುನಿಯಪ್ಪನವರೇ ಗೋಡೆ ಹಾರಿ ಬಂದು ಮಾಡು ಬಿಚ್ಚಿದರು. ಕೋಳಿಮನೆ ಹಿತ್ತಲಿಗೆ ಹೋಯಿತು, ಬಚ್ಚಲು ಮನುಷ್ಯರಿಗೆ ಬಂತು. ಮೊಟ್ಟೆಗಳು ಮುನಿಯಪ್ಪನವರ ಪಾಲಾದ ಮೇಲೆ ಮನೆ ಖಾಲಿ ಮಾಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಕಣ್ಣಿನ ಚಿಕಿತ್ಸೆ ಮುಗಿದರೂ ತಂದೆ ಊರಿಗೆ ಹೊರಡಲಿಲ್ಲ. ಪೂಜೆ ಮುಗಿಸಿ ಹಿತ್ತಲಿಗೆ ಕುರ್ಚಿ ಹಾಕಿಸಿಕೊಂಡು, ಒಂದು ಕಾಲದಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ದನಿಯಲ್ಲಿ ಕೋಳಿಗಳಿಗೆ ಶಿಸ್ತು ಕಲಿಸುತ್ತಿದ್ದರು. ಅವು ನನಗಿಂತ ಚೆನ್ನಾಗಿ ಕಲಿತವು.

ಕೊನೆಗೆ ಅವರು ಹೊರಟ ದಿನ ರೈಲು ನಿಲ್ದಾಣಕ್ಕೆ ಹೋಗಿದ್ದೆ. ಕಿಟಕಿಯ ಪಕ್ಕ ಕೂತ ತಂದೆ ನನ್ನನ್ನು ಹತ್ತಿರ ಕರೆದರು. "ಬೆಳಿಗ್ಗೆ ಬೇಗ ಹೊರಗೆ ಬಂದು ಸ್ವಲ್ಪ ಓಡಾಡಿದ್ರೆ ಮೈಗೆ ಒಳ್ಳೇದು. ಮೂರು ಹೊತ್ತೂ ತಿಂತಾ ಕೂತ್ರೆ ಕೊಬ್ಬು ಬೆಳೆಯುತ್ತೆ. ಚಳಿಗಾಲ ಬರ್ತಾ ಇದೆ, ಎದೆಗೆ ತಣ್ಣನೆ ಗಾಳಿ ತಾಕಬಾರ್ದು."

ಜೀವಮಾನದಲ್ಲಿ ಮೊದಲ ಬಾರಿಗೆ ತಂದೆ ನನ್ನ ಆರೋಗ್ಯದ ಬಗ್ಗೆ ಮಾತಾಡಿದ್ದರು. "ಆಗಲಿ ಅಪ್ಪಾಜಿ, ಜೋಪಾನವಾಗಿರ್ತೀನಿ," ಎಂದೆ.

ಅವರು ಹೊಸ ಕನ್ನಡಕದೊಳಗಿಂದ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. "ನಿನಗಲ್ವೋ," ಎಂದರು, "ನಾನು ಹೇಳಿದ್ದು ಕೋಳಿಗಳ ವಿಷಯ."

ರೈಲು ಹೊರಟಿತು. ಯಾರ ವಿಷಯವಾದರೇನು, ಹೇಳಿದವರು ತಂದೆ ಎಂದುಕೊಂಡು ಮರುದಿನದಿಂದ ನಾನೂ ಬೇಗ ಎದ್ದು ಕೋಳಿಗಳ ಜೊತೆ ಹಿತ್ತಲಲ್ಲಿ ಓಡಾಡತೊಡಗಿದೆ. ಒಂದು ತಿಂಗಳಾದ ಮೇಲೆ ಗಿರಿಜೆ ಅಡಿಗೆಮನೆಯ ಕಿಟಕಿಯಿಂದ ನೋಡಿ, "ಈಗ ಮೈ ಸ್ವಲ್ಪ ಚುರುಕಾಗಿದೆ," ಎಂದಳು. ಯಾರದು ಎಂದು ನಾನು ಕೇಳಲು ಹೋಗಲಿಲ್ಲ.