ಯಾರೂ ಮಲಗದ ಮಂಚ

ಚಿಂತೆ ಮಾಡುವುದರಲ್ಲಿ ನನಗೆ ಒಳ್ಳೆಯ ಕೈಗುಣವಿದೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ದಾಸರಹಳ್ಳಿ ಮೆಟ್ರೊ ಮೆಟ್ಟಿಲಿನಿಂದ ಎಷ್ಟೋ ಸಲ ಮನೆಗೆ ವಾಪಸು ಓಡಿದ್ದೇನೆ. ಆದರೆ ನನ್ನ ಚಿಂತೆಗಳಲ್ಲೆಲ್ಲ ಹಿರಿಯದು ಒಂದು ಮಂಚ. ಶೇಖರನೂ ನಾನೂ, ಇಬ್ಬರು ಗಂಡಸರು, ಗಂಡಹೆಂಡಿರ ಹಾಗೆ ಸಂಸಾರ ಹೂಡಿ, ಇಬ್ಬರ ತಲೆಯೂ ಒಟ್ಟಿಗೇ ನರೆತಿದೆ. ಮನೆ ಓನರ್ ಗಂಗಮ್ಮನವರಿಗೆ ಮಾತ್ರ ನಾವು ಒಂದೇ ಫ್ಯಾಕ್ಟರಿಯ ಸ್ನೇಹಿತರು. ಇಡೀ ಕಟ್ಟಡದ ನೀರಿನ ಮೋಟರಿನ ಸ್ವಿಚ್ಚು ನಮ್ಮ ಎರಡನೇ ರೂಮಿನಲ್ಲಿದೆ; ಅದನ್ನು ಹಾಕಲು ಅವರು ದಿನಾ ಬೆಳಿಗ್ಗೆ ಮಹಡಿಯಿಂದ ಇಳಿದು ಬರುತ್ತಾರೆ. ಹಾಗಾಗಿ, ನಾನು ಬೇರೆ ಮಲಗುತ್ತೇನೆಂದು ತೋರಿಸಲು, ಅಲ್ಲೊಂದು ಮಂಚ. ಅವರು ಬರುವ ಮುಂಚೆ ನಾನು ಅದರ ಮೇಲೆ ಉರುಳಾಡಿ, ದಿಂಬಿಗೆ ಗುದ್ದಿ, ಹೊದಿಕೆಯನ್ನು ಒದ್ದು ಬರುತ್ತಿದ್ದೆ. ಶೇಖರ ಕಾಫಿ ಸೋಸುತ್ತ, ಇವತ್ತು ಸರಿಯಾಗಿ ನಿದ್ದೆ ಬಂದ ಹಾಗೆ ಕಾಣುತ್ತಿಲ್ಲ, ಇನ್ನೊಂದು ಸಲ ಒದಿ ಎಂದು ಹುರಿದುಂಬಿಸುತ್ತಿದ್ದ.

ಈ ಗುಟ್ಟು ಬಲ್ಲವಳು ಗಂಗಮ್ಮನ ಮೊಮ್ಮಗಳು ಸ್ಫೂರ್ತಿ ಒಬ್ಬಳೇ ಎಂದು ನಂಬಿದ್ದೆ. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಈ ಹುಡುಗಿ ಭಾನುವಾರ ಅಜ್ಜಿ ಮನೆಗೆಂದು ಬಂದು ನಮ್ಮ ಅಡುಗೆಮನೆಯಲ್ಲಿ ಠಿಕಾಣಿ ಹೂಡುತ್ತಾಳೆ. ಶೇಖರನ ಬಿಪಿ ನೋಡುವುದೂ, ಅವನ ಕೈಗೆ ಸಿಗದಂತೆ ಉಪ್ಪಿನಕಾಯಿ ಜಾಡಿ ಬಚ್ಚಿಡುವುದೂ ಅವಳದೇ ಖಾತೆ. ಒಂದು ಭಾನುವಾರ ಅವಳು, ತನಗೆ ನಿಶಾ ಎಂಬ ಹುಡುಗಿಯ ಮೇಲೆ ಪ್ರೀತಿಯೆಂದೂ, ಇವತ್ತೇ ಅಜ್ಜಿಗೆ ಹೇಳಿಬಿಡುತ್ತೇನೆಂದೂ ಅಂದಳು. ತಾಯಿಯಿಲ್ಲದ ಅವಳನ್ನು ಸಾಕಿದ್ದೇ ಆ ಅಜ್ಜಿ. ಅಜ್ಜಿ ಬಾಗಿಲು ಹಾಕಿಕೊಂಡರೆ ಅವಳಿಗೆ ಇನ್ನೊಂದು ಬಾಗಿಲಿಲ್ಲ. ಬೇಡ, ಸ್ವಲ್ಪ ತಡಿ, ಬೇಕಾದರೆ ನೀನೂ ಒಂದು ಮಂಚ ತಗೋ ಎಂದು ನನ್ನ ಅನುಭವವನ್ನೆಲ್ಲ ಧಾರೆಯೆರೆದೆ.

"ಅಂಕಲ್, ನಿಮ್ ಥರ ದಿನಾ ಹಾಸಿಗೆ ಒದಿಯಕ್ಕೆ ನನ್ ಕೈಲಾಗಲ್ಲ" ಎಂದು ಮೇಲೆ ಹೋದಳು.

ಅವಳು ಮೇಲಿರುವಷ್ಟು ಹೊತ್ತೂ ನಾನು ಮನಸ್ಸಿನಲ್ಲೇ ಪಾತ್ರೆಗಳನ್ನು ಮೂಟೆ ಕಟ್ಟಿ, ನೆಲಮಂಗಲದ ಆಚೆ ಬಾಡಿಗೆ ಮನೆ ನೋಡುತ್ತಿದ್ದೆ. ಕೊನೆಗೆ ಗಂಗಮ್ಮನೇ ಇಳಿದು ಬಂದರು, ಹಿಂದೆ ಕಣ್ಣೊರೆಸಿಕೊಂಡು ನಗುತ್ತ ಸ್ಫೂರ್ತಿ.

"ಕೆಳಗಿನ ಮನೆಯೋರಂಗಾ ಅಂತ ಕೇಳ್ದೆ, ಊಂ ಅಂದ್ಲು. ಅವ್ರು ನೆಟ್ಟಗೆ ಬಾಳ್ತಾವ್ರಲ್ಲ, ನೀನೂ ಬಾಳು ಅಂದೆ. ಈ ಮಂಚ ಮ್ಯಾಕೆ ಸಾಗ್ಸಿ, ಆ ಹುಡ್ಗಿ ಬಂದ್ರೆ ಬೇಕಾಯ್ತದೆ."

ನಿಮಗೆ ಹೇಗೆ ಗೊತ್ತಾಯಿತು ಎಂದು ತೊದಲಿದೆ.

"ದಿಂಬು ನೋಡಪ್ಪ. ತಲೆಗೆ ಅಷ್ಟು ಎಣ್ಣೆ ಮೆತ್ಕೊಂಡು ತಿರುಗ್ತೀಯ, ಇಷ್ಟು ವರ್ಸಾದ್ರೂ ಒಂದು ಕಲೆ ಇಲ್ಲ."

ಫ್ಯಾಕ್ಟರಿಯಲ್ಲಿ ನನ್ನ ಹುದ್ದೆ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಗೀರಿದ್ದರೂ ಮಾಲನ್ನು ತಿರಸ್ಕರಿಸುವವನು.

ಮಂಚ ಮಹಡಿ ಹತ್ತಿತು. ಈಗ ಬೆಳಿಗ್ಗೆ ಅರ್ಧ ಗಂಟೆ ಹೆಚ್ಚು ನಿದ್ದೆ. ಆದರೆ ಮೊನ್ನೆ ಭಾನುವಾರ ಮಧ್ಯಾಹ್ನ, ಶೇಖರ ಕದ್ದು ಉಪ್ಪಿನಕಾಯಿ ತಿಂದನೆಂದು ಜಗಳವಾಗಿ, ದಿಂಬು ಹಿಡಿದು ಧಡಧಡನೆ ಎರಡನೇ ರೂಮಿಗೆ ಹೋದರೆ, ಅಲ್ಲಿರುವುದು ಬರೀ ಗೋಡೆ, ಗೋಡೆ ಮೇಲೊಂದು ಸ್ವಿಚ್ಚು. ಬಂದದ್ದಕ್ಕೆ ಒಂದು ಕಾರಣ ಬೇಕಲ್ಲ ಎಂದು ಮೋಟರ್ ಹಾಕಿದೆ. ಮೇಲಿನಿಂದ ಗಂಗಮ್ಮನ ದನಿ ಬಂತು:

"ಟ್ಯಾಂಕ್ ತುಂಬೈತೆ ಕಣಪ್ಪ. ಓಗಿ ರಾಜಿ ಮಾಡ್ಕೋ."

ಇಷ್ಟು ವರ್ಷ ನಾವು ಜೋಡಿಯಲ್ಲವೆಂದು ಅವರನ್ನು ನಂಬಿಸಲು ಒದ್ದಾಡಿದೆ. ಇನ್ನು ಮೇಲೆ, ನಾವು ಜಗಳವಾಡುವುದೇ ಇಲ್ಲವೆಂದು ನಂಬಿಸಬೇಕಾಗಿದೆ.