ಉರುಕುಂದಪ್ಪನನ್ನು ಕರೆಯುವವರು ಯಾರು?

ಕಾನ್ವೆಂಟಿನಲ್ಲಿ ಓದಿದ ನನ್ನಂಥವರಿಗೆ ಒಂದು ಕಾಯಿಲೆ ಇರುತ್ತದೆ. ಪಕ್ಕದ ಮನೆಯವರು ಮಾಡಿದರೆ ಅದು ಮೂಢನಂಬಿಕೆ. ಅದನ್ನೇ ನಾವು ಮಾಡಿದರೆ ಸೆಂಟಿಮೆಂಟ್. ಎಪ್ಪತ್ತು ದಾಟಿದರೂ ಈ ಕಾಯಿಲೆ ನನಗಿದೆ ಎಂದು ಗೊತ್ತಿರಲಿಲ್ಲ. ಡಯಾಗ್ನೋಸ್ ಮಾಡಿದವನು ನನ್ನ ಮೊಮ್ಮಗ. ಅವನಿಗಿನ್ನೂ ಹಲ್ಲು ಬಂದಿಲ್ಲ.

ಅವನು ಹುಟ್ಟಿದ ದಿನವೇ ನಾನು ಡಿಕ್ಲೇರ್ ಮಾಡಿಬಿಟ್ಟೆ, ತಾತನ ಹೆಸರೇ ಇಡಬೇಕು ಎಂದು. ತಾತ ಎಂದರೆ ನಮ್ಮ ಯಜಮಾನರು. ಆಂಧ್ರದ ನಮ್ಮ ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಜೀವಮಾನವೆಲ್ಲ ವ್ಯಾಪಾರ ಮಾಡಿ ಹೋದ ವರ್ಷ ತೀರಿಕೊಂಡರು. ಹೆಸರು ಉರುಕುಂದಪ್ಪ. ಬರೆಯಲು ಅಡ್ಡಿಯೇನಿಲ್ಲ, ಬರೆದಿದ್ದೇನೆ ನೋಡಿ. ಅವರ ತಾತನೂ ಉರುಕುಂದಪ್ಪನೇ. ಆ ಹೆಸರು ಈ ಮನೆಯಲ್ಲಿ ಮತ್ತೆ ಕೇಳಿಸದೇ ಹೋದರೆ ಅವರು ಎರಡನೇ ಸಲ ಹೋದಂತೆ ಎಂದು ನನಗನ್ನಿಸುತ್ತಿತ್ತು.

ಸೊಸೆ ಶ್ರಾವಣಿ ಗೋನೆಗಂಡ್ಲದವಳು. ಅವಳು ಫೋನಿನಲ್ಲಿ ಹುಡುಕಿ ‘ತ್ರಿಯಾಂಶ್’ ಎಂಬುದನ್ನು ತಂದಿದ್ದಳು.

“ಅರ್ಥ ಏನವ್ವಾ?”

“ಮೂರು ಅಂಶ ರೀ ಅತ್ತೆಮ್ಮ.”

“ಯಾವ ಮೂರು?”

“ಅದು ನೆಟ್‌ನಾಗ ಇಲ್ರಿ.”

ನಮ್ಮ ಓಣಿಯಲ್ಲಿ ಆಗಲೇ ಒಬ್ಬ ರಿಯಾಂಶ್, ಒಬ್ಬ ಶ್ರಿಯಾಂಶ್, ಒಬ್ಬ ದಿವ್ಯಾಂಶ್ ಇದ್ದಾರೆ. ಒಬ್ಬ ತಾಯಿ ಊಟಕ್ಕೆ ಕೂಗಿದರೆ ಮೂರು ಮನೆಯ ಮಕ್ಕಳು ಓಡಿ ಬರುತ್ತವೆ. ಮಗ ಮಂಜುನಾಥ ಮಾತ್ರ ಅಪ್ಪನಂತೆ ರಾಜಿ ವ್ಯಾಪಾರಿ. “ಎರಡೂ ಇಡೋಣೇನು?” ಎಂದ. ನಾವಿಬ್ಬರೂ ನೋಡಿದ ನೋಟಕ್ಕೆ ಚಪ್ಪಲಿ ಮೆಟ್ಟಿಕೊಂಡು ಮಾರ್ಕೆಟ್ಟಿಗೆ ಹೋದ.

ವಾರದ ಜಗಳದ ನಂತರ ಶ್ರಾವಣಿ ಇಳಿದು ಬಂದಳು. “ಸರೇ ಅತ್ತೆಮ್ಮ, ಮಾವಯ್ಯನ ಹೆಸರೇ ಇರ್ಲಿ. ಆದ್ರ ಒಂದು ಕಂಡೀಶನ್. ತೊಟ್ಲದಾಗ ಕೂಸಿನ ಕಿವ್ಯಾಗ ನೀವೇ ಮೂರು ಸಲ ಹೇಳ್ಬೇಕು. ಹೇಳಲಿಲ್ಲಂದ್ರ ತ್ರಿಯಾಂಶ್.”

“ಡನ್!” ಎಂದೆ. ಗಂಡನ ಹೆಸರು ಹೇಳಬಾರದು ಎಂಬ ಓಬೀರಾಯನ ಕಾಲದ ನಿಯಮ ನನ್ನಂಥವಳಿಗೆ ಯಾವ ಲೆಕ್ಕ? ಹಿಂದೊಮ್ಮೆ ರೇಷನ್ ಕಾರ್ಡಿನ ಸಾಲಿನಲ್ಲಿ ಪಕ್ಕದ ಮನೆಯ ಗಿರಿಜವ್ವ ಗಂಡನ ಹೆಸರು ಹೇಳಲಾರದೆ, “ಅದೇರಿ, ಕೊರಳಾಗ ಹಾವು ಹಾಕ್ಕೊಂಡಾನಲ್ಲ, ಆ ದೇವರದು” ಎಂದು ಗುಮಾಸ್ತನಿಗೆ ಒಗಟು ಹಾಕುತ್ತಿದ್ದಳು. ಅವನು ತೆಲುಗಿನಲ್ಲಿ, ನಿಮ್ಮವರು ಹಾವಾಡಿಸುತ್ತಾರಾ ಎಂದು ಕೇಳಿದ. ನಾನು “ಸೋ ಸಿಲ್ಲಿ” ಎಂದು ನಕ್ಕು, ನಮ್ಮ ಅಂಗಡಿಯ ಪ್ರಿಂಟೆಡ್ ಕಾರ್ಡನ್ನು ಸ್ಟೈಲಾಗಿ ಮುಂದೆ ಚಾಚಿದ್ದೆ. ನನ್ನ ಬಾಯಿಂದಲೂ ಹೆಸರು ಬರಲಿಲ್ಲ ಎಂಬುದು ಆಗ ನನಗೇ ಹೊಳೆದಿರಲಿಲ್ಲ.

ಹೆಸರಿಡುವ ದಿನ ಹೊಳೆಯಿತು. ಓಣಿಯ ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತಿದ್ದರು. ಕೂಸಿನ ಕಿವಿಯ ಹತ್ತಿರ ಬಾಯಿ ಒಯ್ದೆ. ಕೆಮ್ಮಿದೆ. ನೀರು ಕುಡಿದೆ. ಮತ್ತೆ ಬಗ್ಗಿದೆ.

“ಹೇಳು ಮತ್ತ, ಇಂಗ್ಲೀಷಮ್ಮ! ಅವತ್ತು ನನ್ನ ನೋಡಿ ಹಲ್ಲು ಕಿಸಿದಿದ್ದಿಯಲ್ಲ!” ಎಂದಳು ಗಿರಿಜವ್ವ. ಅಷ್ಟು ವರ್ಷ ಅದನ್ನು ಜೋಪಾನ ಮಾಡಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಉಸಿರು ಬಿಗಿಹಿಡಿದು ಬಾಯಿ ತೆರೆದೆ. ಹೊರಗೆ ಬಿದ್ದದ್ದು, “ಏನ್ರೀ...”

ನಲವತ್ತೈದು ವರ್ಷ ಅವರನ್ನು ಕರೆದದ್ದು ಹಾಗೆಯೇ. ಪಡಸಾಲೆಯೆಲ್ಲ ನಗೆ. ಕೂಸು ಥೇಟ್ ಅವರಂತೆ, ಕೇಳಿಸಿದರೂ ಕೇಳಿಸದ ಹಾಗೆ ಆ ಕಡೆ ಮುಖ ತಿರುಗಿಸಿತು.

ನಾನು ಸೋತಿದ್ದೆ. ನಗಲು ಹೋದೆ, ಕಣ್ಣು ಕೈಕೊಟ್ಟಿತು. ಶ್ರಾವಣಿ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ತೊಟ್ಟಿಲಿಗೆ ಬಗ್ಗಿ, ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ, “ಉರುಕುಂದಪ್ಪ! ಉರುಕುಂದಪ್ಪ! ಉರುಕುಂದಪ್ಪ!” ಎಂದಳು.

“ಅಯ್ಯ ಶಿವನೇ, ಸೊಸಿ ಮಾವನ ಹೆಸರು ಹಿಡಿದು ಕೂಗ್ತಾಳಲ್ಲ!” ಎಂದಳು ಗಿರಿಜವ್ವ.

“ಯಾರಾರ ಒಬ್ರು ಕರೀಬೇಕಲ್ರಿ ಗಿರಿಜವ್ವ.”

ಈಗ ದಿನವಿಡೀ ಕರೆಯುತ್ತಾಳೆ. “ಲೇ ಉರುಕುಂದಪ್ಪ, ಮತ್ತ ಹಾಸಿಗಿ ತೋಯ್ಸಿದೇನಲೇ!” ಎಂದರೆ ನಾನು ಅಡುಗೆಮನೆಯಲ್ಲಿ ಗಾಬರಿಯಾಗಿ ಸೆರಗು ಸರಿಮಾಡಿಕೊಳ್ಳುತ್ತೇನೆ. “ಉರುಕುಂದಪ್ಪಾ, ಹೇಳಿದ ಮಾತು ಒಂದರ ಕೇಳ್ತೀಯೇನು ನೀನು?” ಎಂದಾಗ ಮಾತ್ರ ಒಲೆ ಸಣ್ಣ ಮಾಡಿ, ಬಾಗಿಲ ಹಿಂದೆ ನಿಂತು ಆಲಿಸುತ್ತೇನೆ. ನಲವತ್ತೈದು ವರ್ಷ ಕೇಳಬೇಕೆಂದುಕೊಂಡ ಪ್ರಶ್ನೆ ಅದು.

ಇನ್ನು ನಾನು? ಕೂಸನ್ನು ಏನಾದರೂ ಅಂದು ಎತ್ತಿಕೊಳ್ಳಬೇಕಲ್ಲ. ತ್ರಿಯಾಂಶ್ ಎನ್ನುತ್ತೇನೆ. ಈ ಮನೆಯಲ್ಲಿ ಆ ಹೆಸರು ಹಿಡಿದು ಕರೆಯುವವಳು ನಾನೊಬ್ಬಳೇ. ಮೊನ್ನೆ ಗಿರಿಜವ್ವ ಅರ್ಥ ಕೇಳಿದಳು.

“ಮೂರು ಅಂಶ” ಎಂದೆ.

“ಯಾವ ಮೂರು?”

“ಅದು ನೆಟ್‌ನಾಗ ಇಲ್ಲ” ಎಂದು ಕೂಸನ್ನು ಎತ್ತಿಕೊಂಡು ಒಳಗೆ ಹೋದೆ.